ಡಿಪೋ ಗೋಡೆಯ ಮೇಲಿನ ಇಬ್ಬರು

ಬಸ್ ಡಿಪೋದ ಗೇಟಿನ ಪಕ್ಕದ ಗೋಡೆಗೆ ಯಾರೋ ಪುಣ್ಯಾತ್ಮರು ಬೆಳಗಾಗುವ ಮೊದಲೇ ಬಂದು ಪೋಸ್ಟರೊಂದನ್ನು ಅಂಟಿಸಿ ಹೋಗಿದ್ದರು. ಅಂಟು ಇನ್ನೂ ಹಸಿಯಾಗಿತ್ತು. ಅದರ ಮೇಲೆ ಅಕ್ಕಪಕ್ಕದಲ್ಲಿ ಇಬ್ಬರು ಗಂಡಸರ ಮುಖ. ಒಬ್ಬನ ಕೆಳಗೆ ‘ಕುಡಿಯುವವನು’ ಎಂದೂ ಇನ್ನೊಬ್ಬನ ಕೆಳಗೆ ‘ಕುಡಿಯದವನು’ ಎಂದೂ ಬರೆದಿತ್ತು. ಮೇಲ್ಗಡೆ ದಪ್ಪಕ್ಷರದಲ್ಲಿ, ‘ಇಬ್ಬರಿಗೂ ಒಂದೇ ವಯಸ್ಸು. ನಿಮಗೆ ಯಾವ ಮುಖ ಬೇಕು?’

ಮುಖ ಕೊಡುವವನು ಭಗವಂತ, ಕೇಳುವುದಕ್ಕೆ ಗೋಡೆ ಯಾರು ಎಂದು ಯಾರೂ ಅನ್ನಲಿಲ್ಲ. ಎಲ್ಲರೂ ಗುಂಪುಗಟ್ಟಿ ನೋಡುತ್ತಿದ್ದರು. ನಮ್ಮ ಡ್ರೈವರ್ ಬಂದದ್ದು ಆಗಲೇ.

ಆತ ಅಂದು ಬಹಳ ಖುಷಿಯಲ್ಲಿದ್ದ. ಡಿಪೋಗೆ ಹೊಸ ಬಸ್ಸು ಬಂದಿತ್ತು. ಅದರ ಕೀಲಿಯನ್ನು ಸಂಜೆ ಮ್ಯಾನೇಜರು ಅವನ ಕೈಗೇ ಕೊಡುವುದೆಂದು ಮಾತಾಗಿತ್ತು. ಹೊಸ ಬಸ್ಸಿನ ಬಗ್ಗೆ ಅವನಿಗೆ ಇದ್ದ ಆಸೆಯೆಲ್ಲ ಒಂದೇ. ಡ್ರೈವರ್ ಸೀಟಿನ ಕಿಟಕಿಗೆ ಅದರಲ್ಲಿ ಒಂದು ಪರದೆ ಇತ್ತು. ಇಷ್ಟು ವರ್ಷ ಅವನು ಓಡಿಸಿದ ಹಳೇ ಬಸ್ಸಿನಲ್ಲಿ ಪರದೆ ಹಾಗಿರಲಿ, ಗಾಜೂ ಮೇಲೇರುತ್ತಿರಲಿಲ್ಲ. ಬಿಸಿಲು ಟಿಕೆಟ್ ಇಲ್ಲದೆ ಹತ್ತಿ, ನೇರ ಅವನ ಮೇಲೆ ಬಂದು ಕೂತು, ಕೊನೇ ಸ್ಟಾಪಿನವರೆಗೂ ಇಳಿಯುತ್ತಿರಲಿಲ್ಲ.

“ಏನಣ್ಣಾ, ಗೋಡೆ ಹತ್ತಿಬಿಟ್ಟೆಯಲ್ಲ!” ಎಂದ ಕಂಡಕ್ಟರ್.

ಡ್ರೈವರ್ ಕತ್ತು ಚಾಚಿ ನೋಡಿದ. ಕುಡಿಯುವವನ ಕೆನ್ನೆ ಈಗಷ್ಟೇ ಏಟು ತಿಂದಂತೆ ಕೆಂಪಗಿತ್ತು. ಅದರ ಮೇಲೆ ಕೆಂಪು ದಾರದ ಸಿಕ್ಕು ಎಳೆದಂತೆ ಸಣ್ಣ ಸಣ್ಣ ನರ. ಕಣ್ಣಿನ ಕೆಳಗೆ ಸಂತೆ ಮುಗಿಸಿ ಬಂದವನ ಚೀಲದಂಥ ಊತ. ಹಿಂಡಿ ಕೊಡವದೆ ಒಣಗಿಸಿದ ಬಟ್ಟೆಯಂಥ ಚರ್ಮ. ಇಷ್ಟೆಲ್ಲ ಇದ್ದರೂ ಅದು ಅವನ ಮುಖವೇ. ಹುಬ್ಬಿನ ಮೇಲಿನ ಗಾಯದ ಗುರುತೂ ಅವನದೇ.

ಹೆಂಡದ ಅಂಗಡಿಯ ಮುಂದೆ ಬಸ್ಸು ಕೆಟ್ಟರೂ ಇನ್ನಷ್ಟು ದೂರ ತಳ್ಳಿಸಿಕೊಂಡು ಹೋಗಿ ರಿಪೇರಿ ಮಾಡುವ ಪೈಕಿ ಅವನು. ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿಯೇ ಕುಡಿಯುತ್ತಿದ್ದ.

“ಇದು ನಾನಲ್ಲ!” ಎಂದು ಕೂಗಿದ. “ಸರಿಯಾಗಿ ನೋಡ್ರೋ! ನನಗೆ ಒಂದೇ ಹುಬ್ಬಿನ ಮೇಲೆ ಗಾಯ. ಇವನಿಗೆ ಎರಡೂ ಹುಬ್ಬಿನ ಮೇಲಿದೆ!”

ಕಂಡಕ್ಟರ್ ಹತ್ತಿರ ಹೋಗಿ ನೋಡಿ ತಲೆಯಾಡಿಸಿದ. “ಹೌದಲ್ಲ. ಇನ್ನೊಂದು ಯಾವಾಗ ಆಯ್ತಣ್ಣ? ಕುಡಿದು ಬಿದ್ದಾಗಲಾ?”

ಗುಂಪು ಗೊಳ್ಳೆಂದಿತು. ಮೊದಲ ಟ್ರಿಪ್ಪಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳು ಮಾತ್ರ ನಗಲಿಲ್ಲ. ಆಕೆ ಎಷ್ಟೋ ವರ್ಷದಿಂದ ಅವನ ಬಸ್ಸಿನಲ್ಲಿ ಇಂಜಿನ್ ಪಕ್ಕದ ಸೀಟಿನಲ್ಲೇ ಕೂತು ಮಗಳ ಮನೆಗೆ ಹೋಗಿಬರುವವಳು. ಅವಳ ಕಣ್ಣು ಕುಡಿಯದವನ ಮೇಲಿತ್ತು.

“ಈ ಹುಡುಗನ್ನ ನಾನು ದಿನಾ ನೋಡ್ತೀನಲ್ಲಪ್ಪ. ಎಲ್ಲಿ ಅಂತ ನೆನಪಾಗ್ತಿಲ್ಲ. ಎಷ್ಟು ಲಕ್ಷಣವಾಗಿದಾನೆ!”

ಡ್ರೈವರ್‌ಗೆ ಉರಿಯಿತು. ಯಾರವನು? ಸುಲಿದ ಬಾಳೆಹಣ್ಣಿನಂಥ ಮುಖ ಇಟ್ಟುಕೊಂಡು, ತನ್ನ ಪಕ್ಕದಲ್ಲೇ ಬಂದು ಕೂತು, ತನ್ನ ಮಾನ ಕಳೆಯುತ್ತಿರುವ ಈ ಮಹಾನುಭಾವ ಯಾರು?

ಅಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿದ ಡ್ರೈವರ್ ಅವನ ತೋಳು ಹಿಡಿದು ಪಕ್ಕಕ್ಕೆಳೆದ. ಅವನನ್ನು ಎಲ್ಲರೂ ‘ಪೌಡರ್’ ಎಂದೇ ಕರೆಯುತ್ತಿದ್ದರು. ರಜೆ ಬಂದರೆ ಹೆಂಡದಂಗಡಿಯ ಬಾಗಿಲು ತೆಗೆಸುವವನೂ ಅವನೇ, ಮುಚ್ಚಿಸುವವನೂ ಅವನೇ.

“ಅಣ್ಣಾ, ನನ್ನ ನೋಡಿದ್ರೆ ಗೊತ್ತಾಗುತ್ತಾ?” ಎಂದು ಪಿಸುಗುಟ್ಟಿದ. “ಗೊತ್ತಾಗಲ್ಲ. ಮೊದಲು ಪೌಡರ್, ಮೇಲೊಂದು ಕೋಟ್ ಕ್ರೀಮು, ಮತ್ತೆ ಪೌಡರ್. ಮುಖ ತೊಳೆದ್ರೆ ನಮ್ಮಮ್ಮನಿಗೂ ಗುರುತು ಸಿಗಲ್ಲ. ನೀನು ಕುಡೀತೀಯ ಅಂತ ಮೊದಲೇ ಗೊತ್ತಿದ್ರೆ ಹೇಳಿಕೊಡ್ತಿದ್ದೆ.”

“ನಾನು ಕುಡಿಯಲ್ಲ ಕಣೋ!”

“ನಾನೂ ಹಾಗೇ ಹೇಳೋದು,” ಎಂದು ಪೌಡರ್ ಕಣ್ಣು ಹೊಡೆದ.

ಮ್ಯಾನೇಜರು ಒಳಗೆ ಕರೆದರು. ಮೇಜಿನ ಆಚೆಯಿಂದಲೇ ಮೂಗು ಮುಂದೆ ಚಾಚಿ, “ಊದು” ಎಂದರು.

ಡ್ರೈವರ್ ಊದಿದ.

“ಲವಂಗ! ಲವಂಗ ಯಾಕೆ?”

“ಹಲ್ಲುನೋವು ಸಾರ್.”

“ಕುಡಿಯೋರಿಗೆಲ್ಲ ಹಲ್ಲುನೋವೇ. ನಾನೆಷ್ಟು ಜನರನ್ನ ನೋಡಿಲ್ಲ.”

“ಸಾರ್, ಇದು ಬಿಸಿಲಿಗೆ ಸುಟ್ಟ ಮುಖ. ಕಿಟಕಿಗೆ ಪರದೆ ಇಲ್ಲ ಅಂತ ಎಷ್ಟು ಸಲ ಬರೆದು ಕೊಟ್ಟಿಲ್ಲ?”

“ಬಿಸಿಲು ನನಗೂ ಬೀಳುತ್ತಪ್ಪ,” ಎಂದರು ಫ್ಯಾನಿನ ಕೆಳಗೆ ಕೂತಿದ್ದ ಮ್ಯಾನೇಜರು. “ಹೊಸ ಗಾಡಿ. ಜನ ಆ ಗೋಡೆ ನೋಡ್ತಾರೆ, ಆಮೇಲೆ ಸ್ಟೇರಿಂಗ್ ಹಿಂದೆ ನಿನ್ನ ನೋಡ್ತಾರೆ. ಹತ್ತುತ್ತಾರಾ? ಸಂಜೆ ಕೀಲಿ ಕೊಡೋದರೊಳಗೆ ಆ ಕುಡುಕ ನೀನಲ್ಲ ಅಂತ ಪೋಸ್ಟರ್ ಅಂಟಿಸಿದ ಆರೋಗ್ಯ ಕೇಂದ್ರದವರ ಬಾಯಲ್ಲೇ ಹೇಳಿಸು. ಅಲ್ಲಿವರೆಗೂ ಗಾಡಿ ಮುಟ್ಟಬೇಡ.”

ಗಾಡಿ ಮುಟ್ಟದ ಡ್ರೈವರ್ ನೀರಿಂದ ತೆಗೆದ ಮೀನು. ಕೈಗೆ ಸ್ಟೇರಿಂಗ್ ಇಲ್ಲ, ಕಾಲಿಗೆ ಬ್ರೇಕ್ ಇಲ್ಲ. ದಾರಿಯುದ್ದಕ್ಕೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಆರೋಗ್ಯ ಕೇಂದ್ರಕ್ಕೆ ಹೋಗಲೋ ಮನೆಗೆ ಹೋಗಲೋ ಎಂದು ತಿರುವಿನಲ್ಲಿ ನಿಂತು ಎರಡು ಸಲ ಅತ್ತ, ಎರಡು ಸಲ ಇತ್ತ ಹೆಜ್ಜೆ ಹಾಕಿದ. ಅದನ್ನು ಕಂಡ ಹಾಲಿನವನು, “ಬೆಳಗ್ಗೆಬೆಳಗ್ಗೆಯೇ ತೂರಾಟವಾ!” ಎಂದು ಸೈಕಲ್ಲಿನಿಂದ ಇಳಿದು ದಾರಿ ಬಿಟ್ಟ. ಕಡೆಗೆ, ತಾನು ಕುಡಿಯುವುದಿಲ್ಲವೆಂದು ಆಣೆ ಮಾಡಿ ಹೇಳಬಲ್ಲವಳು ಹೆಂಡತಿಯೊಬ್ಬಳೇ ಎಂದು ಮನೆಯ ದಾರಿ ಹಿಡಿದ.

ಮನೆಯಲ್ಲಿ ಎದುರುಮನೆಯಾಕೆ ಆಗಲೇ ಬಂದು, ಸಾವಿನ ಮನೆಯಲ್ಲಿ ಕೂರುವ ಹಾಗೆ ಗೋಡೆಗೊರಗಿ ಕೂತಿದ್ದಳು.

“ಇಷ್ಟು ವರ್ಷ ಹೊರಗೆ ಬಿಡದೆ ನುಂಗಿಕೊಂಡಿದ್ದೆಯಲ್ಲ ತಾಯಿ, ನಿನ್ನ ಸಹನೆಗೆ ಕೈ ಮುಗೀಬೇಕು,” ಎನ್ನುತ್ತಿದ್ದವಳು ಡ್ರೈವರನ್ನು ಕಂಡು ಮೂಗಿಗೆ ಸೆರಗು ಹಿಡಿದು ಎದ್ದು ಹೋದಳು.

ಹೆಂಡತಿಯ ಮುಂದೆ ಅದೇ ಪೋಸ್ಟರ್ ಹರಡಿತ್ತು.

“ಬೀದಿ ತುದಿ ಗೋಡೆ ಮೇಲೂ ಅಂಟಿಸಿದ್ರು. ನಿಮ್ಮನ್ನ ಅಲ್ಲಿ ಬಿಡೋಕೆ ಮನಸ್ಸಾಗಲಿಲ್ಲ, ಕಿತ್ತುಕೊಂಡು ಬಂದೆ,” ಎಂದಳು.

ಅವನು ಅವಳ ಪಕ್ಕದಲ್ಲೇ ಕೂತ. ಲೋಕವೆಲ್ಲ ಒಂದಾದರೂ ಇವಳೊಬ್ಬಳು ಇದ್ದಾಳಲ್ಲ! ಆದರೆ ಸೂಕ್ಷ್ಮವಾಗಿ ನೋಡಿದರೆ ಅವಳ ಬೆರಳು ಸುಕ್ಕು ಬಿಡಿಸುತ್ತಿದ್ದದ್ದು ಪೋಸ್ಟರಿನ ಇನ್ನೊಂದು ಅರ್ಧದಲ್ಲಿ.

“ಅವನನ್ಯಾಕೆ ನೇವರಿಸ್ತಿದೀಯ?”

“ನೇವರಿಸ್ತಿಲ್ಲ, ಕಾಗದ ಸರಿ ಮಾಡ್ತಿದೀನಿ. ನೋಡ್ರೀ, ಕಣ್ಣಲ್ಲಿ ಎಷ್ಟು ಶಾಂತಿ. ಎರಡೂ ಕಿವಿ ಹತ್ರ ಒಂದೊಂದು ಮಚ್ಚೆ, ದೇವರೇ ಅಳೆದು ಇಟ್ಟ ಹಾಗೆ.”

“ಮಚ್ಚೆ ನನಗೂ ಇದೆ!”

“ನಿಮಗೆ ಒಂದೇ,” ಎಂದಳು ಆಕೆ ಸಣ್ಣ ನಿಟ್ಟುಸಿರಿಟ್ಟು. “ಮದುವೆ ಹೊಸದರಲ್ಲಿ ನೀವೂ ಹೆಚ್ಚೂಕಮ್ಮಿ ಹೀಗೇ ಇದ್ರಿ.”

ಕುಡುಕನೆನಿಸಿಕೊಂಡ ನೋವು ಒಂದು ಪಾಲಾದರೆ ಇದು ಎರಡು ಪಾಲಾಯಿತು. ಆರೋಗ್ಯ ಕೇಂದ್ರಕ್ಕೆ ಹೊರಟೆ, ನೀನೂ ಬಂದು ಸಾಕ್ಷಿ ಹೇಳು ಎಂದ. ಆಕೆ ತಕ್ಷಣ ಎದ್ದು ತಲೆ ಬಾಚಿಕೊಂಡಳು. ಗಂಡನ ಜೊತೆ ಹೊರಡುವಾಗ ಅವಳು ಇಷ್ಟು ಹೊತ್ತು ಕನ್ನಡಿ ನೋಡಿದ್ದನ್ನು ಅವನು ಈಚೆಗೆ ಕಂಡಿರಲಿಲ್ಲ.

ಆರೋಗ್ಯ ಕೇಂದ್ರದ ಸಿಸ್ಟರ್ ನಿಂತಲ್ಲಿ ನಿಲ್ಲದ, ಉತ್ಸಾಹದ ಹೆಂಗಸು. ಡ್ರೈವರ್ ಒಳಗೆ ಕಾಲಿಡುತ್ತಲೇ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

“ಬಂದ್ರಾ? ಒಳ್ಳೇದಾಯ್ತು. ಪೋಸ್ಟರಿಗೆ ಇಷ್ಟು ಬೇಗ ಫಲ ಸಿಗುತ್ತೆ ಅಂದ್ಕೊಂಡಿರಲಿಲ್ಲ. ನೋಡಿ, ಕುಡಿತ ಮೈಯೊಳಗಿನ ನೀರನ್ನ ಹೊರಗೆ ಹಾಕಿಸುತ್ತೆ. ಚರ್ಮ ಒಣಗಿ ಸುಕ್ಕಾಗುತ್ತೆ. ಕೆನ್ನೆ ಮೇಲಿನ ಸಣ್ಣ ರಕ್ತನಾಳ ಉಬ್ಬಿ ಹಾಗೇ ಉಳಿದುಬಿಡುತ್ತೆ. ನಿದ್ದೆ ಕೆಡುತ್ತೆ, ಕಣ್ಣು ಊದುತ್ತೆ. ಪ್ರಾಯದಲ್ಲಿ ತೋರಿಸಿಕೊಳ್ಳಲ್ಲ. ವಯಸ್ಸಾಗ್ತಾ ಆಗ್ತಾ ಎಲ್ಲಾ ಒಟ್ಟಿಗೆ ಬಂದು ಮುಖದ ಮೇಲೆ ಕೂರುತ್ತೆ.”

“ನಾನು ಒಂದು ತೊಟ್ಟೂ ಕುಡಿದಿಲ್ಲಮ್ಮ!”

“ಹೌದು ಸಿಸ್ಟರ್,” ಎಂದಳು ಹೆಂಡತಿ. “ಇವರು ಕುಡಿಯಲ್ಲ. ಇವರ ಮುಖವೇ ಹೀಗೆ.”

ಸಾಕ್ಷಿ ಬೇಕಾದದ್ದಕ್ಕಿಂತ ತುಸು ಜಾಸ್ತಿಯೇ ಆಯಿತು. ಆದರೂ ಸಿಸ್ಟರ್ ಯೋಚನೆಗೆ ಬಿದ್ದಳು. “ಫೋಟೋ ಕೊಟ್ಟವನು ಸ್ಟುಡಿಯೋದವನು. ಕುಡಿಯೋರದೊಂದು, ಕುಡಿಯದವರದೊಂದು ಕೊಡಪ್ಪ ಅಂತ ಕೇಳಿದ್ದೆ, ಅಷ್ಟೆ.”

“ಹಾಗಾದ್ರೆ ಆ ಇನ್ನೊಬ್ಬ ಯಾರು? ಅವನನ್ನ ನಾನು ನೋಡಲೇಬೇಕು.”

“ನಾನೂ,” ಎಂದಳು ಹೆಂಡತಿ.

“ನಾನೂ ನೋಡಿಲ್ಲ, ನಡೀರಿ,” ಎಂದು ಸಿಸ್ಟರ್ ಚಪ್ಪಲಿ ಮೆಟ್ಟಿದಳು.

ಸ್ಟುಡಿಯೋದವನು ಬೆಟ್ಟ, ಸರೋವರ ಬರೆದ ಪರದೆಯ ಕೆಳಗೆ ಊಟದ ನಿದ್ದೆಯಲ್ಲಿದ್ದ. ಡ್ರೈವರ್ ಅವನನ್ನು ಸರೋವರದ ದಡದಿಂದ ಎಬ್ಬಿಸಿ ಕೂರಿಸಿದ.

“ಎಲ್ಲಿ ಅವನು? ಎರಡು ಮಚ್ಚೆಯವನು ಎಲ್ಲಿ?”

ಸ್ಟುಡಿಯೋದವನು ಕಣ್ಣುಜ್ಜಿ, ಬಂದ ಮೂವರನ್ನೂ ನೋಡಿ, ಡ್ರಾಯರಿನಿಂದ ಒಂದು ಫೋಟೋ ತೆಗೆದ. ಲೈಸೆನ್ಸಿಗೆಂದು ಡ್ರೈವರ್ ಈಚೆಗೆ ತೆಗೆಸಿಕೊಂಡ ಫೋಟೋ. ಗಿರಾಕಿಗಳು ತಲೆ ಬಾಚಿಕೊಳ್ಳಲು ಇಟ್ಟಿದ್ದ ಚೌಕ ಕನ್ನಡಿಯೊಂದನ್ನು ತೆಗೆದು, ಫೋಟೋದ ಮೂಗಿನ ನಡುಗೆರೆಯ ಮೇಲೆ ನೇರವಾಗಿ ನಿಲ್ಲಿಸಿದ.

“ಈ ಕಡೆಯಿಂದ ನೋಡಿ.”

ಅರ್ಧ ಮುಖವೂ ಕನ್ನಡಿಯೊಳಗಿನ ಅದೇ ಅರ್ಧವೂ ಸೇರಿ ಒಂದು ಮುಖವಾಯಿತು. ಎರಡು ಹುಬ್ಬಿಗೂ ಗಾಯ, ಎರಡು ಕೆನ್ನೆಯೂ ಕೆಂಪು. ಕುಡುಕ!

ಕನ್ನಡಿಯನ್ನು ತಿರುಗಿಸಿದ. “ಈಗ ಆ ಕಡೆಯಿಂದ.”

ಎರಡು ಕಿವಿಯ ಪಕ್ಕದಲ್ಲೂ ಮಚ್ಚೆ. ನುಣುಪು ಕೆನ್ನೆ. ಕಣ್ಣಲ್ಲಿ ಶಾಂತಿ.

“ಕುಡಿಯೋರು ಫೋಟೋಗೆ ಒಪ್ಪಲ್ಲ ಸಿಸ್ಟರ್. ಕುಡಿಯದವರು ಕುಡಿಯೋರ ಪಕ್ಕ ಬರೋಕೆ ಒಪ್ಪಲ್ಲ. ನಾನೇನು ಮಾಡ್ಲಿ? ಇವರ ಫೋಟೋ ನೋಡಿದೆ. ಒಂದು ಕಡೆ ಕಿಟಕಿ ಬಿಸಿಲಿಗೆ ಬೆಂದಿದೆ, ಇನ್ನೊಂದು ಕಡೆ ನೆರಳಲ್ಲಿ ಚೆನ್ನಾಗಿದೆ. ಕಂಪ್ಯೂಟರಲ್ಲಿ ನಡುವೆ ಕತ್ತರಿಸಿ ಎರಡೆರಡು ಜೋಡಿಸಿದೆ. ಒಂದೇ ಮುಖದಲ್ಲಿ ದೇವರು ಇಬ್ಬರನ್ನ ಕೊಟ್ಟಿದ್ದ.”

ಹೆಂಡತಿ ಮೆಲ್ಲಗೆ ಗಂಡನ ಮುಖದ ನೆರಳಿನ ಕಡೆಗೆ ಬಂದು ನಿಂತು, ಕಿವಿಯ ಪಕ್ಕದ ಮಚ್ಚೆಯನ್ನು ನೋಡಿದಳು.

“ಅಯ್ಯೋ, ಬೆಳಗ್ಗೆಯಿಂದ ನಾನು ನಿಮ್ಮನ್ನೇ ನೋಡ್ತಿದ್ನಾ!” ಎಂದು ನಾಚಿದಳು.

ಬೆಳಗಿನಿಂದ ಪಾದರಸದಂತೆ ಹರಿದಾಡುತ್ತಿದ್ದ ಅವನ ಮನಸ್ಸು ಆ ಒಂದು ಗಳಿಗೆ ನಿಂತಿತು. ದಿನವಿಡೀ ತಾನು ಹೊಟ್ಟೆಕಿಚ್ಚುಪಟ್ಟದ್ದು ತನ್ನ ಮೇಲೆಯೇ! ಮನುಷ್ಯ ತನ್ನನ್ನು ತಾನು ಅರಿಯಬೇಕು ಎಂದು ದೊಡ್ಡವರು ಹೇಳುವುದನ್ನು ಅವನು ಕೇಳಿದ್ದ. ಅದಕ್ಕೆ ಸ್ಟುಡಿಯೋಗೇ ಬರಬೇಕೆಂದು ಗೊತ್ತಿರಲಿಲ್ಲ.

ಸಿಸ್ಟರ್ ಹಣೆ ಒತ್ತಿಕೊಂಡಳು. “ಕುಡಿತದ ಬಗ್ಗೆ ನಾನು ಬರೆದಿದ್ದು ಒಂದೂ ಸುಳ್ಳಲ್ಲ. ಬಿಸಿಲೂ ಇದನ್ನೇ ಮಾಡುತ್ತೆ ಅಂತ ಹೊಳೀಲಿಲ್ಲ ನೋಡಿ. ನೀವು ಚಿಂತೆ ಬಿಡಿ. ಮೇಲಿನವರಿಗೆ ಫೋನ್ ಮಾಡಿ, ಇಬ್ಬರೂ ಒಬ್ಬರೇ ಅಂತ ಸಂಜೆಯೊಳಗೆ ಪೋಸ್ಟರ್ ಕೆಳಗೆ ಬರೆಸಿಬಿಡ್ತೀನಿ.”

ಡ್ರೈವರ್ ಆಕೆಗೆ ಕೈಮುಗಿದ. ಹೆಂಡತಿಯನ್ನು ಮನೆಗೆ ಬಿಟ್ಟು, ಮುಖ ತೊಳೆದು, ಕ್ರಾಪು ಬಾಚಿ ಡಿಪೋಗೆ ಹೊರಟ. ಕೂತರೆ ನಿಲ್ಲೋಣವೆನಿಸುವುದು, ನಿಂತರೆ ಓಡೋಣವೆನಿಸುವುದು. ಹೊಸ ಬಸ್ಸಿನ ಪರದೆ ಹಸಿರೋ ನೀಲಿಯೋ ಎಂದು ದಾರಿಯಲ್ಲಿ ನಾಲ್ಕಾರು ಸಲ ಬಣ್ಣ ಬದಲಿಸಿದ.

ಗೇಟಿನ ಹತ್ತಿರ ಬರುತ್ತಲೇ ಚಪ್ಪಾಳೆ ಬಿತ್ತು. ಕಂಡಕ್ಟರ್ ಓಡಿಬಂದು ಅಪ್ಪಿಕೊಂಡ. “ಬೆಳಗ್ಗೆ ತಮಾಷೆ ಮಾಡಿಬಿಟ್ಟೆ, ಹೊಟ್ಟೆಗೆ ಹಾಕ್ಕೋ ಅಣ್ಣ.”

ಪೋಸ್ಟರಿನ ಕೆಳಗೆ ಹೊಸ ಪಟ್ಟಿ ಅಂಟಿಸಿತ್ತು. ಅಂಟು ಇನ್ನೂ ಹಸಿಯಾಗಿತ್ತು. ‘ಇವರಿಬ್ಬರೂ ಒಬ್ಬರೇ! ಒಂದು, ಕುಡಿಯುತ್ತಿದ್ದಾಗ. ಇನ್ನೊಂದು, ಕುಡಿತ ಬಿಟ್ಟ ಮೇಲೆ. ಇವರಿಂದ ಆದದ್ದು ನಿಮ್ಮಿಂದಲೂ ಆದೀತು.’

ಡ್ರೈವರ್‌ನ ಬಾಯಿ ಕೆಟ್ಟ ಬಸ್ಸಿನ ಬಾಗಿಲಿನಂತೆ ತೆರೆದದ್ದು ಮುಚ್ಚಲಿಲ್ಲ. ಪಕ್ಕದಲ್ಲಿ ಅಂಟಿನ ಡಬ್ಬಿ ಹಿಡಿದು ನಿಂತಿದ್ದ ಸಿಸ್ಟರ್ ತಗ್ಗಿದ ದನಿಯಲ್ಲಿ ಹೇಳಿದಳು: “ನಾನು ಬಿಸಿಲಿನ ವಿಷಯ ಹೇಳಿದೆ. ಮೇಲಿನವರು ಕೇಳಲಿಲ್ಲ. ಬಿಸಿಲು ನಮ್ಮ ವಿಭಾಗಕ್ಕೆ ಬರಲ್ವಂತೆ.”

ಮ್ಯಾನೇಜರು ತಾವಾಗಿ ಎದ್ದು ಬಂದು ಕೈ ಕುಲುಕಿದರು. “ದೊಡ್ಡ ಕೆಲಸ ಮಾಡಿದೆ. ಬಿಡೋದು ಸುಲಭ ಅಲ್ಲ.”

“ಸಾರ್, ನಾನು ಯಾವತ್ತೂ ಕುಡಿದೇ ಇಲ್ಲ!”

“ಶಹಬ್ಬಾಸ್! ಹಾಗೇ ಅಂದ್ಕೋಬೇಕು. ಅದೇ ಮನೋಬಲ ಅನ್ನೋದು.” ಆಮೇಲೆ ಹೆಗಲ ಮೇಲೆ ಕೈಯಿಟ್ಟು, “ಆದ್ರೆ ಬಿಟ್ಟೋರು ಮತ್ತೆ ಯಾವಾಗ ಹಿಡೀತಾರೋ ಹೇಳೋಕಾಗಲ್ಲ. ಹೊಸ ಗಾಡಿ ಈಗಲೇ ಬೇಡ. ಹಳೇದನ್ನೇ ಓಡಿಸ್ತಿರು, ದಿನಾ ಬಂದು ನನ್ನ ಹತ್ರ ಊದಿ ಹೋಗು. ಕೀಲಿಯನ್ನ ಮುಖ ನೋಡಿದ್ರೇ ನಂಬಿಕೆ ಬರೋ ಒಬ್ಬರಿಗೆ ಕೊಟ್ಟಿದೀನಿ.”

ಹೊಸ ಬಸ್ಸಿನ ಸೀಟಿನಲ್ಲಿ ಪೌಡರ್ ಕೂತಿದ್ದ. ಪರದೆ ನೀಲಿಯದು. ಅವನು ಅದನ್ನು ಸರಿಸಿ ಕತ್ತು ಹೊರಹಾಕಿ, “ಅಣ್ಣಾ, ಹೇಗೆ ಬಿಟ್ಟೆ ಅಂತ ನನಗೂ ಒಂದಿನ ಹೇಳಿಕೊಡು,” ಎಂದ.

ಸಂಜೆಯ ಟ್ರಿಪ್ ಹಳೇ ಬಸ್ಸಿನಲ್ಲೇ ಹೊರಟಿತು. ಇಳಿಹೊತ್ತಿನ ಬಿಸಿಲು ಎಂದಿನಂತೆ ಟಿಕೆಟ್ ಇಲ್ಲದೆ ಹತ್ತಿ ತನ್ನ ಜಾಗದಲ್ಲಿ ಕೂತಿತು. ಮಗಳ ಮನೆಯಿಂದ ಮರಳುತ್ತಿದ್ದ ಅಜ್ಜಿ ಇಂಜಿನ್ ಪಕ್ಕದ ಸೀಟಿನಲ್ಲಿ ಕೂತು, ಅವನ ನೆರಳಿನ ಕೆನ್ನೆಯನ್ನೇ ದಿಟ್ಟಿಸಿದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಅರಳಿತು.

“ಅಯ್ಯೋ ನನ್ನಪ್ಪಾ, ಅವನು ನೀನೇನಾ! ಬಿಟ್ಟಿದ್ದು ಒಳ್ಳೇದಾಯ್ತು ಮಗಾ. ದೇವರು ನಿನ್ನ ಮುಖ ಹೀಗೇ ಇಟ್ಟಿರಲಿ.”

ಆಶೀರ್ವಾದ ಇನ್ನೂ ಮುಗಿದಿರಲಿಲ್ಲ, ಕಿಟಕಿಯ ಕಡೆಯಿಂದ ಸೀಟಿ ಕೇಳಿಸಿತು. ಚೌಕದ ಪೊಲೀಸಿನವನು ಕೈ ಅಡ್ಡ ಹಿಡಿದು, ಬಿಸಿಲಿನ ಕೆನ್ನೆಯನ್ನು ನೋಡುತ್ತ ಹತ್ತಿರ ಬಂದ.

“ಗಾಡಿ ಪಕ್ಕಕ್ಕೆ ಹಾಕು. ಎಲ್ಲಿ, ಊದು.”

ಡ್ರೈವರ್ ಊದಿದ.

ಪೊಲೀಸಿನವನು ಮೂಗರಳಿಸಿ, ಹುಬ್ಬು ಗಂಟಿಕ್ಕಿ, ಕಿಟಕಿಗೆ ಇನ್ನಷ್ಟು ಹತ್ತಿರವಾದ.

“ಲವಂಗ ಯಾಕೆ?”