ಹೆಸರು ಹೇಳಬಾರದ ಸೊಪ್ಪು

ಅಮೆರಿಕದ ಹೇವರ್ಡ್‌ನಲ್ಲಿರುವ ನನ್ನ ಸೋದರಮಾವನ ಮನೆಯ ಮುಂದೆ ಯಾವ ಕಾರಣಕ್ಕೂ ಕೆಮ್ಮಬೇಡಿ! ಗಂಟಲು ಸರಿಮಾಡಿಕೊಳ್ಳಲು ಸಣ್ಣಗೆ ಕೆಮ್ಮಿದರೂ ಸಾಕು, ಒಳಗೆ ಕರೆದು, ಕೂರಿಸಿ, ಒಂದು ಲೋಟ ಕಷಾಯ ಕುಡಿಸಿಯೇ ಕಳಿಸುತ್ತಾರೆ. ಪಾರ್ಸೆಲ್ ತಂದವನೊಬ್ಬ ಹೀಗೆ ಸಿಕ್ಕಿಬಿದ್ದಿದ್ದ. ಅಂದಿನಿಂದ ಅವನು ಪಾರ್ಸೆಲನ್ನು ಗೇಟಿನ ಹೊರಗಿನಿಂದಲೇ ಎಸೆದು ಓಡುತ್ತಾನಂತೆ.

ಈ ಕಷಾಯಕ್ಕೆ ಒಂದೇ ಸೊಪ್ಪು. ಲಿವರ್‌ಮೋರ್‌ನಲ್ಲಿ ಮಾವನ ಗೆಳೆಯರೊಬ್ಬರ ಮನೆಯ ಹಿಂದಿನ ಗುಡ್ಡದಲ್ಲಿ ತಾನಾಗಿಯೇ ಬೆಳೆದಿದೆ. ಬೇಸಿಗೆಯಲ್ಲಿ ಇಡೀ ಗುಡ್ಡ ಒಣಗಿ ಹುಲ್ಲಿನ ಬಣವೆಯಂತಾದರೂ ಅದೊಂದು ಮಾತ್ರ ಹನ್ನೆರಡು ತಿಂಗಳೂ ಹಸಿರು. ಕೆಮ್ಮಿಗೆ ಅದರ ಕಷಾಯ, ನೆಗಡಿಗೆ ಹಬೆ, ಮಂಡಿನೋವಿಗೆ ಬಿಸಿ ಪಟ್ಟು, ತುರಿಕೆಗೆ ಅದನ್ನು ಕುದಿಸಿದ ನೀರಿನ ಸ್ನಾನ. ವೀಸಾ ಸ್ಟಾಂಪಿಂಗಿಗೆ ಹೊರಟವರ ಜೇಬಿಗೂ ಎರಡೆಲೆ ತುರುಕುತ್ತಾರೆ. ಅದು ಯಾವ ಕಾಯಿಲೆಗೋ ನನಗೆ ತಿಳಿಯದು!

ಯಾವ ಸೊಪ್ಪು ಎಂದು ಕೇಳಿದಿರಾ? ಅದೊಂದನ್ನು ಕೇಳಬಾರದು. ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆ. ಹಾಸನದ ಕಡೆಯ ನಮ್ಮಜ್ಜಿ, ಅಂದರೆ ಮಾವನ ತಾಯಿ, ಕೊನೆಗಾಲದಲ್ಲಿ ಮಗನ ಕಿವಿಯಲ್ಲಿ ಹೇಳಿ ಹೋದ ವಿದ್ಯೆಯಿದು. ಅತ್ತೆಗೂ ಇವತ್ತಿನವರೆಗೆ ಹೆಸರು ಗೊತ್ತಿಲ್ಲ. ಸಂಸಾರವೇನೋ ನಡೆದುಕೊಂಡು ಬಂದಿದೆ.

ಕೀಳುವುದಕ್ಕೂ ಕ್ರಮವಿದೆ. ಹಿಂದಿನ ದಿನ ಸಂಜೆಯೇ ಹೋಗಿ, ಗಿಡದ ಬುಡದಲ್ಲಿ ವೀಳ್ಯವಿಟ್ಟು, ಅಕ್ಕಿಕಾಳು ಹಾಕಿ, ನಾಳೆ ಬರುತ್ತೇನೆಂದು ಕೈಮುಗಿದು ಬರಬೇಕು. ಒಮ್ಮೆ ನಾನೂ ಜೊತೆಗೆ ಹೋಗಿದ್ದಾಗ, ಪೊದೆಯೊಂದಕ್ಕೆ ಬಗ್ಗಿ ನಮಸ್ಕರಿಸುತ್ತಿದ್ದ ಮಾವನನ್ನು ಕಂಡ ಪಕ್ಕದ ಮನೆಯ ಅಮೆರಿಕನ್ ಹೆಂಗಸು, ಇವರು ಹುಷಾರಾಗಿದ್ದಾರೆಯೇ ಎಂದು ನನ್ನನ್ನು ಗಾಬರಿಯಿಂದ ಕೇಳಿದಳು. ಅಪಾಯಿಂಟ್‌ಮೆಂಟ್ ತಗೊಳ್ಳುತ್ತಿದ್ದಾರೆ ಎಂದೆ. ತಕ್ಷಣ ಸಮಾಧಾನವಾಯಿತು ಅವಳಿಗೆ. ಈ ದೇಶದಲ್ಲಿ ಆ ಮಾತು ಎಲ್ಲರಿಗೂ ಅರ್ಥವಾಗುತ್ತದೆ!

ನಾನೋ ಹುಟ್ಟಾ ಪುಕ್ಕಲಿ. ಮೊಸರಿನ ಡಬ್ಬಿಯ ಮೇಲಿನ ತಾರೀಖನ್ನೇ ಮತ್ತೆ ಮತ್ತೆ ಓದುವವಳು. ಹೋದ ಚಳಿಗಾಲದಲ್ಲಿ ಬಿಡದ ಕೆಮ್ಮು ಹತ್ತಿ ಮಾವನ ಕೈಗೆ ಸಿಕ್ಕೆ. ಊರಿನ ಸೊಪ್ಪೇ ಇದು ಎಂದು ಹೇಗೆ ನಂಬುವುದು ಎಂದು ಕೇಳಿದರೆ, "ಅದೇ ಅಲ್ಲ ಕಣವ್ವ, ಅದ್ರ ತಂಗಿ" ಎಂದರು. ಎಂಥ ಧೈರ್ಯದ ಮಾತು ನೋಡಿ! ಲೋಟ ಖಾಲಿ ಮಾಡಿದ ಮೇಲೆ ಪ್ರತಿಸಲವೂ ನನ್ನ ನಾಡಿಯನ್ನು ನಾನೇ ಹಿಡಿದು ಕೂರುತ್ತಿದ್ದೆ. ವಿಷವಾದರೆ ಮೊದಲು ಏನಾಗುತ್ತದೆ ಎಂದು ಫೋನಿನಲ್ಲಿ ಹುಡುಕುತ್ತಿದ್ದೆ. ಕೆಮ್ಮು ಮಾತ್ರ ಇಳಿಯುತ್ತಾ ಬಂತು. ಹಾಗಾಗಿ ಬಿಡಲೂ ಆಗಲಿಲ್ಲ.

ಅಷ್ಟರಲ್ಲಿ ನನ್ನ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ನೋವು ಬಂದರೆ ನೆಲ ಹಿಡಿದು ಮಲಗಬೇಕು. ಕಾದು ಕಾದು ವಾಲ್ನಟ್ ಕ್ರೀಕ್‌ನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಸಿಕ್ಕಿತು. ಗಂಡ ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರಿಂದ ಮಾವನೇ ಕರೆದುಕೊಂಡು ಹೋದರು. ಫ್ರೀವೇಯಲ್ಲಿ ಎತ್ತಿನಗಾಡಿಯ ವೇಗ! ತಡವಾದೀತೆಂಬ ಭಯ ಒಂದು ಕಡೆ, ತಲುಪಿಬಿಡುತ್ತೇವಲ್ಲ ಎಂಬ ಭಯ ಇನ್ನೊಂದು ಕಡೆ.

ಆಸ್ಪತ್ರೆಯ ಗೌನು ತೊಡಿಸಿ, ಕೈಗೆ ಡ್ರಿಪ್ಸ್ ಚುಚ್ಚಿ ಮಲಗಿಸಿದ ಮೇಲೆ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು, ಗಿಡಮೂಲಿಕೆ ಏನಾದರೂ ತಗೊಳ್ಳುತ್ತೀರಾ ಎಂದು ಕೇಳಿದರು. ಒಂದು ಸೊಪ್ಪು ಎಂದೆ. ಯಾವ ಸೊಪ್ಪು? ಹಸಿರು ಸೊಪ್ಪು! ಆಕೆ ನಗಲಿಲ್ಲ. ಕೆಲವು ಸೊಪ್ಪು ರಕ್ತ ತೆಳು ಮಾಡುತ್ತವೆ, ಕೆಲವು ಅರಿವಳಿಕೆಯ ಜೊತೆ ಸೇರಿ ತೊಂದರೆ ಕೊಡುತ್ತವೆ, ಹೆಸರು ಗೊತ್ತಾಗದಿದ್ದರೆ ಇವತ್ತು ಆಪರೇಷನ್ ಇಲ್ಲ ಎಂದರು.

ಮಾವ ನನ್ನ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕುಳಿತಿದ್ದರು. ನಾನು ಅವರ ಮುಖ ನೋಡಿದೆ, ಅವರು ಪರದೆ ನೋಡಿದರು. ಹೆಂಡತಿಗೇ ಹೇಳದವರು ನನಗಾಗಿ ಹೇಳುತ್ತಾರೆಯೇ? ಮನೆಗೆ ಹೋದ ಮೇಲೆ ಮತ್ತೆ ಆ ನೋವು ಬಂದರೆ ಏನು ಗತಿ?

ಮಾವ ಎದ್ದು ನಿಂತರು. ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ಕನ್ನಡದಲ್ಲಿ ಆ ಹೆಸರು ಹೇಳಿದರು. ಡಾಕ್ಟರಮ್ಮನಿಗೆ ಏನು ಅರ್ಥವಾಗಬೇಕು? ಆಗ ಇಲ್ಲಿಯ ಗಿಡದ ಶಾಸ್ತ್ರೀಯ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ, ವಾರ್ಡಿಗೆಲ್ಲ ಕೇಳುವಂತೆ ಹೇಳಿದರು. ಅದನ್ನೂ ತಿಳಿದುಕೊಂಡೇ ನನಗೆ ಕುಡಿಸಿದ್ದರು! ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ನೋಡಿ, ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಕೇಳಿ, ಸರಿ, ಮುಂದುವರಿಯೋಣ ಎಂದರು.

"ಮಾವ, ಹೇಳಿಬಿಟ್ರಲ್ಲ" ಎಂದೆ. "ಅಜ್ಜಿ ಕೊಟ್ಟಿದ್ದು ಹೋಯ್ತಲ್ಲ."

"ಹೋದ್ರೆ ಹೋಗ್ಲಿ ಬುಡವ್ವ" ಎಂದು ತಲೆ ಸವರಿದರು. "ಅವ್ವ ಕೊಟ್ಟಿದ್ದು ನಿಮ್ಗೆಲ್ಲ ವಾಸಿಯಾಗ್ಲಿ ಅಂತ ತಾನೆ? ನೀನು ಎದ್ದು ಬಾ."

ಎದ್ದು ಬಂದೆ, ಗುಣವೂ ಆದೆ. ಮಾವ ಮಾತ್ರ ಮತ್ತೆ ಆ ಗುಡ್ಡಕ್ಕೆ ಹೋಗಿಲ್ಲ. ಯಾರಾದರೂ ಕಷಾಯ ಕೇಳಿದರೆ, ಇನ್ನು ಅದು ಬರೀ ಸೊಪ್ಪು ಎಂದುಬಿಡುತ್ತಾರೆ. ಆ ಹೆಸರು ನನ್ನ ಕಿವಿಗೂ ಬಿದ್ದಿದೆ. ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುವುದೂ ಇಲ್ಲ. ಡಾಕ್ಟರಮ್ಮ ಇಷ್ಟು ಹೊತ್ತಿಗೆ ಮರೆತಿರುತ್ತಾರೆ. ನಾನೊಬ್ಬಳು ಬಾಯಿ ಮುಚ್ಚಿಕೊಂಡಿದ್ದರೆ ಅದರಲ್ಲಿ ಸ್ವಲ್ಪವಾದರೂ ಗುಣ ಉಳಿದೀತು. ಮಾವನಿಗೆ ವಯಸ್ಸಾಗುತ್ತಿದೆ. ಮೊನ್ನೆಯಿಂದ ಅವರಿಗೇ ಕೆಮ್ಮು.