ಫಾಗಿಂಗ್ ಮೆಷಿನ್ನೂ ನನ್ನ ರಾಜಪಾತ್ರವೂ

ಮಾತಿನ ಚಪಲ ಇರುವವನಿಗೆ ದೇವರು ಗಂಟಲನ್ನೂ ಕೊಡಬೇಕು. ನನಗೆ ಮೊದಲನೆಯದನ್ನು ಧಾರಾಳವಾಗಿ ಕೊಟ್ಟು, ಎರಡನೆಯದಕ್ಕೆ ಬಂದಾಗ ಕೈ ಬಿಗಿಮಾಡಿದ. ವೇಷ, ಕುಣಿತ ಇಲ್ಲದೆ ಕೂತಲ್ಲೇ ಪಾತ್ರಗಳಾಗಿ ವಾದಿಸುವ ತಾಳಮದ್ದಳೆಯೆಂದರೆ ನನಗೆ ಪ್ರಾಣ. ಆದರೆ ಕಾರ್ಗಲ್‌ನ ನಮ್ಮ ಸಂಘದಲ್ಲಿ ನಾನು ಸದಾ ದೂತ. ನಾಲ್ಕು ಮಾತು ಆಡುವಷ್ಟರಲ್ಲಿ ಕೆಮ್ಮು ಬರುತ್ತಿತ್ತು. ಈ ಬೇಸಿಗೆಯಲ್ಲಿ ರಾಜನ ಪಾತ್ರದ ತೀರ್ಥಹಳ್ಳಿಯವರು ಹಲ್ಲು ಕೀಳಿಸಿಕೊಂಡು ದವಡೆ ಊದಿಸಿಕೊಂಡದ್ದರಿಂದ ಸಿಂಹಾಸನ ನನ್ನ ಪಾಲಿಗೆ ಬಂತು. ಎದುರಿಗೆ ರಾಯಭಾರಿಯಾಗಿ ಸಾಗರದ ವಕೀಲ ಶ್ರೀಪಾದಣ್ಣ. ಕೋರ್ಟಿನಲ್ಲಿ ಆಡಲು ಬಿಡದ ಮಾತನ್ನೆಲ್ಲ ತಂದು ನಮ್ಮ ಮೇಲೆ ಸುರಿಯುವ ಮನುಷ್ಯ. ಪ್ರಸಂಗದ ಪ್ರಕಾರ ಕೊನೆಗೆ ರಾಜ ಸೋಲಬೇಕು. ಅದಕ್ಕೆ ನನ್ನ ಅಡ್ಡಿಯಿಲ್ಲ. ವಾದ ಮಾಡಿ ಸೋಲಬೇಕೇ ಹೊರತು ಗಂಟಲು ಕಟ್ಟಿ ಸೋತರೆ ಮುಂದಿನ ವರ್ಷ ದೂತನ ಪಾತ್ರವೂ ಸಿಗಲಿಕ್ಕಿಲ್ಲ.

ಆಗ ನೆನಪಾದದ್ದು ಅಟ್ಟದ ಮೇಲಿದ್ದ ಫಾಗಿಂಗ್ ಮೆಷಿನ್. ಮಳೆಗಾಲದಲ್ಲಿ ಗೋಡೆಯ ಬೂಷ್ಟಿಗೆ ಔಷಧಿ ಹೊಡೆಯಲೆಂದು ತಂದದ್ದು, ಕೈಯಲ್ಲಿ ಹಿಡಿಯುವಷ್ಟೇ ದೊಡ್ಡದು, ನೀರು ತುಂಬಿಸಿದರೆ ಮಂಜು ಮಾಡಿ ಉಗುಳುತ್ತದೆ. ಇದರ ಮಂಜಿನಿಂದ ಗೋಡೆ ತೊಳೆದಷ್ಟೇ ಬಂತು, ಬೂಷ್ಟು ಹೋಗಲಿಲ್ಲ ಎಂದು ನನ್ನ ಹೆಂಡತಿ ಸುಮನಾ ಈಗಲೂ ಹೇಳುವುದುಂಟು. ಶೀಟು ಹೊದಿಸಿದ ನಮ್ಮ ಸಂಘದ ಹಾಲ್ ಬೇಸಿಗೆಯ ಮಧ್ಯಾಹ್ನ ಹಪ್ಪಳ ಒಣಗಿಸುವ ಜಾಗ. ಅದರ ಗಾಳಿಯನ್ನು ಒದ್ದೆ ಮಾಡಿದರೆ ಗಂಟಲು ಉಳಿದೀತು ಎಂದು ಲೆಕ್ಕ ಹಾಕಿ ಮೆಷಿನ್ನನ್ನು ಚೆನ್ನಾಗಿ ತೊಳೆದೆ. ನೀರಿಗೆ ನೀಲಗಿರಿ ಎಣ್ಣೆ ಬೆರೆಸಿ, ಹಾಲ್‌ನ ಕಿಟಕಿಗಳನ್ನು ಮುಚ್ಚಿ, ನನ್ನ ಕಾಲ ಬಳಿಯೇ ಇಟ್ಟುಕೊಂಡೆ. ಪದ್ಯ ಹಾಡಿ ಪ್ರಸಂಗ ನಡೆಸುವ ಭಾಗವತರು ಮಾತ್ರ ಅನುಮಾನಿಸಿದರು. "ಮದ್ದಳೆ ಚರ್ಮ ಥಂಡಿ ಹಿಡಿದ್ರೆ ನಾದ ಬರೂದಿಲ್ಲ ಮಾರಾಯ್ರೆ." ಸ್ವಲ್ಪವೇ ಬಿಡುತ್ತೇನೆ ಎಂದು ಸಮಾಧಾನ ಹೇಳಿದೆ.

ಸ್ವಲ್ಪ ಎಂಬುದು ಮೆಷಿನ್ನಿಗೆ ಗೊತ್ತಿರಲಿಲ್ಲ. ಮೂರನೇ ಪದ್ಯಕ್ಕೆ ಮದ್ದಳೆ ಹಲಸಿನಕಾಯಿ ತಟ್ಟಿ ನೋಡಿದಂತೆ ಕೇಳಿಸತೊಡಗಿತು. ಅದನ್ನು ಬಿಸಿಲಿಗೆ ಕಾಯಿಸಲು ಮದ್ದಳೆಗಾರರೂ ಜೊತೆಗೆ ಭಾಗವತರೂ ಹೊರಗೆ ಹೋದರು. ಮಾತು ಉದ್ದವಾದರೆ ಭಾಗವತರು ಜಾಗಟೆಗೆ ಒಂದು ಪೆಟ್ಟು ಕೊಡುವುದು ನಮ್ಮಲ್ಲಿ ಪದ್ಧತಿ, ಇನ್ನು ಸಾಕು ಎಂದು ಅರ್ಥ. ಆ ಪೆಟ್ಟು ಕೊಡುವವರೇ ಈಗ ಅಲ್ಲಿರಲಿಲ್ಲ. ನನ್ನ ಗಂಟಲೋ, ಹುಟ್ಟಿದ ಮೇಲೆ ಮೊದಲ ಬಾರಿಗೆ ಬೆಣ್ಣೆಯ ಹಾಗಿತ್ತು. ರಾಜಧರ್ಮ, ಕ್ಷಾತ್ರ, ನೆರೆಹೊರೆಯವರ ಕರ್ತವ್ಯ, ಯಾವುದನ್ನೂ ಬಿಡಲಿಲ್ಲ. ಸುತ್ತಲೂ ಬೆಳ್ಳಗೆ ಮಂಜು, ನನ್ನ ಮೂಗೂ ನನಗೆ ಕಾಣುತ್ತಿರಲಿಲ್ಲ. ಶ್ರೀಪಾದಣ್ಣ ಒಂದು ಮಾತೂ ಎತ್ತಲಿಲ್ಲ. ವಕೀಲರ ಬಾಯಿ ಕಟ್ಟಿಸಿದೆನಲ್ಲ ಎಂದು ಎಷ್ಟು ಖುಷಿಯಾಯಿತೆಂದರೆ, ಸೋಲಬೇಕಾದವನು ನಾನೆಂಬುದೇ ಮರೆತುಹೋಯಿತು. "ಉತ್ತರವಿಲ್ಲವೇ ರಾಯಭಾರಿ?" ಎಂದು ಗರ್ಜಿಸಿದೆ.

ಉತ್ತರ ಸುಮನಾಳಿಂದ ಬಂತು. ಗೋಡೆ ತಡವುತ್ತ ಬಂದವಳು ಮೊದಲು ಮೆಷಿನ್ನಿನ ಸ್ವಿಚ್ ಆರಿಸಿದಳು.

"ಎಂತಕ್ಕೆ ಇನ್ನೂ ಮಾತಾಡ್ತಾ ಇದ್ದೀರಿ? ಹಾಲಲ್ಲಿ ಯಾರೂ ಇಲ್ಲ. ಶ್ರೀಪಾದಣ್ಣ ಆಗಲೇ ಸೋತೆ ಅಂತ ಹೇಳಿ ಹೊರಗೆ ಬಂದಾಯ್ತು."

ಕಿಟಕಿ ತೆರೆದಾಗ ಕಂಡದ್ದು ಖಾಲಿ ಕುರ್ಚಿಗಳು. ಜನರೆಲ್ಲ ಹೊರಗೆ ಮಾವಿನ ಮರದಡಿ ಪಾನಕ ಕುಡಿಯುತ್ತ ಕೂತಿದ್ದರು. ರಾಯಭಾರಿಯೇ ಸೋತರೆ ಕಥೆ ಮುಂದೆ ಹೋಗುವುದಿಲ್ಲ, ರಾಜರು ದಯವಿಟ್ಟು ಬಂದು ಸೋತು ಕೊಡಬೇಕು ಎಂದು ಭಾಗವತರು ಹೇಳಿ ಕಳಿಸಿದ್ದರಂತೆ. ಹೋದೆ. ಮರದಡಿ ಶ್ರೀಪಾದಣ್ಣ ಒಂದೇ ಪ್ರಶ್ನೆ ಕೇಳಿದರು. ಬಾಯಿ ತೆರೆದೆ. ಅಷ್ಟು ಹೊತ್ತು ಕೂಗಿದ ಗಂಟಲಿಂದ ಗಾಳಿಯಲ್ಲದೆ ಇನ್ನೇನೂ ಹೊರಡಲಿಲ್ಲ. ಬೇರೆ ದಾರಿ ಕಾಣದೆ ತಲೆ ಬಾಗಿಸಿ ಕೈ ಮುಗಿದೆ. ಭಾಗವತರ ಕಣ್ಣಲ್ಲಿ ನೀರು ಬಂತು. ಮೌನದಲ್ಲೇ ಸೋಲನ್ನು ಇಷ್ಟು ಚೆನ್ನಾಗಿ ತೋರಿಸಿದವರನ್ನು ಇದುವರೆಗೆ ಕಂಡಿಲ್ಲ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ವರ್ಷವೂ ರಾಜನ ಪಾತ್ರ ನನಗೇ ಎಂದು ಅಲ್ಲೇ ತೀರ್ಮಾನವಾಯಿತು, ಮಾತಾಡಬಾರದು ಎಂಬ ಒಂದೇ ಷರತ್ತಿನ ಮೇಲೆ.