ಚಿಕ್ಕಮ್ಮನ ಕೆಂಪು ಚೀಟಿ

ನಮ್ಮ ಚಿಕ್ಕಮ್ಮನಷ್ಟು ಗಂಡಸರನ್ನು ತಿರಸ್ಕರಿಸಿದ ಹೆಂಗಸು ಪೀಣ್ಯದಿಂದ ನೆಲಮಂಗಲದವರೆಗೆ ಹುಡುಕಿದರೂ ಇನ್ನೊಬ್ಬಳು ಸಿಗಲಾರಳು! ಡಾಕ್ಟರುಗಳು, ಕಾಫಿ ಎಸ್ಟೇಟಿನ ಮಾಲೀಕರು, ವಿದೇಶದಿಂದ ಬಂದ ವಿಜ್ಞಾನಿಗಳು, ನೀಲಿ ಕಣ್ಣಿನ ಒಬ್ಬ ಪೊಲೀಸ್ ಅಧಿಕಾರಿ ಕೂಡ. ಎಲ್ಲರಿಗೂ ಕೆಂಪು ಚೀಟಿ. ಗಾಬರಿಯಾಗಬೇಡಿ, ಇವರೆಲ್ಲ ಪ್ರೇಮ ಕಾದಂಬರಿಗಳ ನಾಯಕರು. ನಿಜ ಜೀವನದಲ್ಲಿ ಕಥೆ ತಿರುಗುಮುರುಗು. ಅಲ್ಲಿ ಹನ್ನೊಂದು ಗಂಡುಗಳು ಚಿಕ್ಕಮ್ಮನನ್ನು ನೋಡಲು ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೊರಟವರು ಇನ್ನೂ ಊರು ಮುಟ್ಟಿದಂತಿಲ್ಲ. ಹೊರಟು ಸುಮಾರು ಮೂವತ್ತು ವರ್ಷವಾಯಿತು! ಚಿಕ್ಕಮ್ಮನಿಗೆ ಈಗ ಐವತ್ತೆರಡು.

ಬಾಗಲಗುಂಟೆಯ ನಮ್ಮ ಬಾಡಿಗೆ ಮನೆಯಲ್ಲಿ ಮೂವರಿದ್ದೇವೆ. ಅಮ್ಮ, ಅಮ್ಮನ ತಂಗಿಯಾದ ಈ ಚಿಕ್ಕಮ್ಮ, ಮತ್ತು ನಾನು. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಎಂ.ಎ. ಮಾಡಿದ್ದೇನೆ ಎಂಬುದನ್ನು ಯಾರೂ ಕೇಳದಿದ್ದರೂ ಹೇಳುವವಳು. ಚಿಕ್ಕಮ್ಮ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಫೈನಲ್ ಇನ್‌ಸ್ಪೆಕ್ಟರ್. ಗಾಡಿಗಳಿಗೆ ಹಾಕುವ ಬುಷ್ ಎಂಬ ಉಕ್ಕಿನ ಪುಟ್ಟ ಬಳೆಗಳು ಅವಳ ಟೇಬಲ್ಲಿಗೆ ಟ್ರೇಗಟ್ಟಲೆ ಬರುತ್ತವೆ. ಸರಿಯಿದ್ದರೆ ಹಸಿರು ಚೀಟಿ, ಅನುಮಾನವಿದ್ದರೆ ಹಳದಿ ಚೀಟಿ, ಕೆಟ್ಟಿದ್ದರೆ ಕೆಂಪು. ಕೆಂಪು, ಹಳದಿ ಚೀಟಿಗಳಲ್ಲಿ 'ಕಾರಣ' ಎಂದು ಒಂದು ಖಾಲಿ ಗೆರೆ ಇರುತ್ತದೆ. ಬೇರೆಯವರು ಅದನ್ನು ಖಾಲಿ ಬಿಟ್ಟೇ ಸಹಿ ಗೀಚುತ್ತಾರಂತೆ. ಚಿಕ್ಕಮ್ಮ ಮಾತ್ರ ಲೋಡಿಂಗ್ ಲಾರಿ ಬಾಗಿಲಲ್ಲಿ ಹಾರನ್ ಹೊಡೆಯುತ್ತಿದ್ದರೂ ಕಾರಣ ಬರೆಯದೆ ಪೆನ್ನು ಮುಚ್ಚುವುದಿಲ್ಲ.

"ಕಬ್ಬಿಣದ ಚೂರು ಚಿಕ್ಕಮ್ಮ, ಅದಕ್ಕೇನು ಬೇಜಾರಾಗುತ್ತಾ?" ಎಂದು ನಾನೊಮ್ಮೆ ರೇಗಿಸಿದ್ದೆ.

"ಬೇಡ ಅನ್ನೋ ಹಕ್ಕು ಯಾರಿಗಾದ್ರೂ ಇರ್ಲಿ ಕಣೇ. ಯಾಕೆ ಬೇಡ ಅಂತ ಹೇಳ್ದೆ ಹೋಗೋ ಹಕ್ಕು ಯಾರಿಗೂ ಇಲ್ಲ" ಎಂದಳು.

ಆ ಮಾತನ್ನು ನಾನು ಫ್ಯಾಕ್ಟರಿಯ ನಿಯಮವೆಂದೇ ತಿಳಿದಿದ್ದೆ. ಎಂ.ಎ. ಓದಿದರೆ ಬುದ್ಧಿ ಬರುತ್ತದೆ ಎಂದವರು ಯಾರು?

ಒಂದು ಸಲ ಮುದ್ರಣ ಸೊಟ್ಟಗಾಯಿತೆಂದು ಫ್ಯಾಕ್ಟರಿಯವರು ಒಂದು ಕಟ್ಟು ಚೀಟಿಗಳನ್ನು ಕಸಕ್ಕೆ ಹಾಕಿದರು. ಚಿಕ್ಕಮ್ಮ ಕೇಳಿಕೊಂಡು ಮನೆಗೆ ತಂದಳು. ಅಂದಿನಿಂದ ಕನ್ನಡದ ಪ್ರೇಮ ಕಾದಂಬರಿಗಳಿಗೆ ಶನಿಕಾಟ ಶುರುವಾಯಿತು! ಬೇಕರಿಯ ಮೇಲಿನ ಮಹಡಿಯಲ್ಲಿ, ಫೋನಿನ ಈ ಕಾಲದಲ್ಲೂ ಹೇಗೋ ಉಸಿರು ಹಿಡಿದಿರುವ ಒಂದು ಬಾಡಿಗೆ ಲೈಬ್ರರಿ ಇದೆ. ವಾರಕ್ಕೆ ಮೂರು ಕಾದಂಬರಿ ಅಲ್ಲಿಂದ ಬರುತ್ತವೆ. ಕಂಪನಿ ಬಸ್ಸಿನಲ್ಲಿ ಓದು, ಊಟದ ವಿರಾಮದಲ್ಲಿ ಓದು. ಮುಗಿದ ಕೂಡಲೇ ದಾರದಲ್ಲಿ ಪುಸ್ತಕಕ್ಕೆ ಒಂದು ಚೀಟಿ. ವಾಪಸ್ ಕೊಡುವ ಮುನ್ನ ಚೀಟಿ ಬಿಚ್ಚಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ.

ಇತ್ತೀಚಿನ ಕೆಲವು ತೀರ್ಪುಗಳನ್ನು ನೀವೇ ಕೇಳಿ. "ನಾಯಕ ಕೆನ್ನೆಗೆ ಹೊಡೆದ, ಲೇಖಕರು ಅದನ್ನು ಪ್ರೀತಿ ಎಂದಿದ್ದಾರೆ. ಕೆಂಪು." "ನಾಯಕಿ ಸೋಮವಾರ ಬೆಳಗ್ಗೆಯಿಂದ ಗುರುವಾರದವರೆಗೆ ಊಟ ಮಾಡಿಲ್ಲ. ವಿರಹವಲ್ಲ, ಲೇಖಕರು ಮರೆತಿದ್ದಾರೆ. ಹಳದಿ." "ನಾಯಕ ಫ್ಯಾಕ್ಟರಿ ಮಾಲೀಕ. ಇನ್ನೂರು ಪುಟದಲ್ಲಿ ಒಂದು ದಿನವೂ ಫ್ಯಾಕ್ಟರಿಗೆ ಹೋಗಲಿಲ್ಲ. ಶಿಫ್ಟ್ ಯಾರು ನೋಡುತ್ತಾರೆ? ಕೆಂಪು." ನಾಯಕಿ ಮಳೆಯಲ್ಲಿ ನೆನೆದು ಜ್ವರ ಬಂದು ನಾಯಕನ ತೋಳಿನಲ್ಲಿ ಬಿದ್ದ ಪುಸ್ತಕಕ್ಕೆ ಒಂದೇ ಸಾಲು: "ಕೊಡೆ ಪುಟ ಹನ್ನೆರಡರಲ್ಲಿ ಇತ್ತು, ಎಲ್ಲಿ ಹೋಯಿತು?"

ಎಲ್ಲಕ್ಕಿಂತ ಮೊದಲು ಅವಳು ಓದುವುದು ಕೊನೆಯ ಪುಟ. ನಾಯಕಿ ಅಲ್ಲಿ ಸತ್ತಿದ್ದರೆ ಅಥವಾ ರೈಲು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದರೆ ಮುಗಿಯಿತು, ಪುಸ್ತಕ ಮೊದಲ ಪುಟವನ್ನೇ ಕಾಣುವುದಿಲ್ಲ.

"ಅಯ್ಯೋ ಚಿಕ್ಕಮ್ಮ, ಕೊನೆ ಗೊತ್ತಾದ ಮೇಲೆ ಓದೋಕೆ ಏನು ಮಜಾ ಇರುತ್ತೆ?"

"ಸುಖವಾಗಿ ಮುಗಿಯುತ್ತೆ ಅಂತ ಗೊತ್ತಿದ್ರೆ ಮಧ್ಯ ಎಷ್ಟು ಅಳಿಸಿದ್ರೂ ತಡ್ಕೋಬಹುದು. ಗೊತ್ತಿಲ್ದೇ ಅಳೋದು ಓದೋದಲ್ಲ ಕಣೇ, ಅದು ಸುಮ್ನೆ ಬದುಕೋದು!"

ಒಳ್ಳೆಯ ಪ್ರೇಮ ಕಾದಂಬರಿ ಎಂದರೇನು ಎಂದು ಅವಳಿಂದ ಒಮ್ಮೆ ಪಾಠವೂ ಹೇಳಿಸಿಕೊಂಡೆ. ಬುಷ್‌ನ ತೂತು ಅಳೆಯಲು ಎರಡು ತುದಿಯ ಒಂದು ಗೇಜ್ ಇರುತ್ತದಂತೆ. ಒಂದು ತುದಿ ತೂತಿನೊಳಗೆ ಹೋಗಲೇಬೇಕು, ಇನ್ನೊಂದು ತುದಿ ಹೋಗಲೇಬಾರದು. "ಕಾದಂಬರಿಗೂ ಅಷ್ಟೇ. ಓದ್ತಾ ಇದ್ರೆ ಕಣ್ಣಲ್ಲಿ ಒಂದು ಹನಿ ಬರ್ಬೇಕು. ಕರ್ಚೀಫ್ ಬೇಕಾಗ್ಬಾರ್ದು." ಮತ್ತೂ ಒಂದು ಮಾತು ಹೇಳಿದಳು. "ಇಬ್ರಿಗೂ ಹೇಳ್ಬೇಕು ಅನ್ನಿಸಿರುತ್ತೆ, ಇಬ್ರೂ ಹೇಳಲ್ಲ. ಒಬ್ರು ಕಾಫಿ ತಂದಿಡ್ತಾರೆ, ಇನ್ನೊಬ್ರು ಸಕ್ಕರೆ ಜಾಸ್ತಿ ಆಯ್ತು ಅಂತಾರೆ. ಆ ಇಪ್ಪತ್ತು ಪುಟ ಇದೆಯಲ್ಲ, ಅದಕ್ಕೋಸ್ಕರಾನೇ ನಾನು ಮಿಕ್ಕಿದ್ದೆಲ್ಲ ಓದೋದು." ನಾನು ವಿಮರ್ಶೆಯ ನೋಟ್ಸುಗಳಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಆ ಕಾಫಿ ಲೋಟದ ಮುಂದೆ ಸಪ್ಪೆಯೆನಿಸಿತು. ಒಪ್ಪಿಕೊಳ್ಳಲಿಲ್ಲ ಬಿಡಿ, ಮೇಡಂ ಅಲ್ಲವೇ!

ಇಂಥ ಚಿಕ್ಕಮ್ಮ ಒಂದು ದಿನ ತಪ್ಪು ಮಾಡಿದಳು. ಬಸ್ಸು ಬಂದ ಅವಸರದಲ್ಲಿ ಕೆಂಪು ಚೀಟಿ ಬಿಚ್ಚದೆಯೇ ಪುಸ್ತಕ ವಾಪಸ್ ಕೊಟ್ಟುಬಿಟ್ಟಳು. ಎರಡು ವಾರದ ಮೇಲೆ ಲೈಬ್ರರಿಯ ಯಜಮಾನರು ನಗುನಗುತ್ತ ಚೀಟಿಯನ್ನು ಚಾಚಿದರು. "ಮೇಡಂ, ನಿಮ್ಮ ಚೀಟಿಗೆ ಯಾರೋ ಉತ್ತರ ಬರ್ದಿದ್ದಾರೆ ನೋಡಿ."

ಹಿಂಬದಿಯಲ್ಲಿ ದುಂಡಗಿನ ಅಕ್ಷರ: "ತಮ್ಮ ತಪಾಸಣೆ ಸರಿ. ನಾಯಕ ಒರಟ. ಆದರೆ ಪುಟ ಎಂಬತ್ತೆಂಟರಲ್ಲಿ ಅವನ ಅಕ್ಕ ಒಬ್ಬಳೇ ಕೂತು ಚಹಾ ಕುಡಿಯುವುದು ಬಹಳ ಚೆನ್ನಾಗಿದೆ. ಪೂರ್ತಿ ತಿರಸ್ಕರಿಸಬೇಡಿ. ರೀವರ್ಕ್‌ಗೆ ಕಳಿಸಿ."

ಚಿಕ್ಕಮ್ಮನ ಮುಖ ಚೀಟಿಗಿಂತ ಕೆಂಪಾಯಿತು. ಯಾಕೆಂದರೆ, ರೀವರ್ಕ್ ಎಂದರೆ ತಿರಸ್ಕಾರವಾದ ಮಾಲನ್ನು ಉಜ್ಜಿ ತೀಡಿ ಸರಿಮಾಡುವ ವಿಭಾಗ. ತಪಾಸಣೆಯವರಿಗೂ ರೀವರ್ಕಿನವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಇವರು ಆಗದು ಎಂದದ್ದನ್ನು ಅವರು ಆಗುತ್ತೆ ಎನ್ನುತ್ತಾರೆ.

"ನನ್ನ ರಿಜೆಕ್ಷನ್ ಪ್ರಶ್ನೆ ಮಾಡೋನು ಯಾರ್ರೀ ಅವನು?"

ಅವರು ಮಾಕಳಿಯ ಒಂದು ಫ್ಯಾಕ್ಟರಿಯ ರೀವರ್ಕ್ ವಿಭಾಗದ ಫಿಟ್ಟರ್. ಗದಗದ ಕಡೆಯವರು, ಚಿಕ್ಕಮ್ಮನಿಗಿಂತ ಎರಡು ವರ್ಷ ದೊಡ್ಡವರು. ಹೆಂಡತಿ ತೀರಿಕೊಂಡಿದ್ದಾರೆ, ನಮ್ಮಿಂದ ಮೂರು ರಸ್ತೆ ಆಚೆ ಒಂದು ರೂಮಿನಲ್ಲಿ ಒಬ್ಬರೇ ಇದ್ದಾರೆ. ಇಷ್ಟು ವಿವರವನ್ನು ಯಜಮಾನರು ಬಾಡಿಗೆಯಿಲ್ಲದೆ ಕೊಟ್ಟರು.

ಆಮೇಲೆ ನಾಲ್ಕು ತಿಂಗಳು ಚೀಟಿಯ ಯುದ್ಧ ನಡೆಯಿತು. ಇವಳು ಕೆಂಪು ಚೀಟಿ ಕಟ್ಟಿ ಕಾರಣ ಬರೆಯುವುದು, ಅವರು ಅದೇ ಪುಸ್ತಕ ಓದಿ ಹಿಂಬದಿಯಲ್ಲಿ ವಾದ ಹೂಡುವುದು. "ನಾಯಕ ಹೂವು ತರುವುದನ್ನು ಮರೆತ" ಎಂದು ಇವಳು ಬರೆದರೆ, "ತರಕಾರಿ ಮರೆತಿಲ್ಲ, ಗಮನಿಸಿ" ಎಂದು ಅವರು. ಈಗ ಚೀಟಿ ಬಿಚ್ಚುವುದನ್ನು ಚಿಕ್ಕಮ್ಮ ಪ್ರತಿ ಸಲವೂ ಮರೆಯುತ್ತಿದ್ದಳು! ಶನಿವಾರ ಲೈಬ್ರರಿಗೆ ಹೋಗುವಾಗ ಇಸ್ತ್ರಿ ಸೀರೆ ಉಡುತ್ತಿದ್ದಳು. "ಲೈಬ್ರರೀಲಿ ಧೂಳು ಜಾಸ್ತಿ ಕಣೇ" ಎಂದು ಕಾರಣ ಬೇರೆ. ಧೂಳಿಗೆ ಯಾರಾದರೂ ಒಳ್ಳೆಯ ಸೀರೆ ಉಡುತ್ತಾರೆಯೇ? ನಾನು ಕೇಳಲಿಲ್ಲ. ಆ ಇಪ್ಪತ್ತು ಪುಟ ನಮ್ಮ ಮನೆಯಲ್ಲೇ ನಡೆಯುತ್ತಿದೆ ಎಂದು ನನಗೂ ಅಮ್ಮನಿಗೂ ಗೊತ್ತಿತ್ತು.

ಕೊನೆಗೆ ಒಂದು ಚೀಟಿಯ ಹಿಂದೆ ಹೀಗೆ ಬಂತು: "ತಮ್ಮ ಅಭ್ಯಂತರವಿಲ್ಲದಿದ್ದರೆ ಭಾನುವಾರ ಮನೆಗೆ ಬರಲೇ? ಮನೆಯವರೂ ಇರಲಿ."

ಅಮ್ಮ ಸಂಭ್ರಮದಿಂದ ರವೆ ಡಬ್ಬಿ ತೆಗೆದಳು. ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಅಕ್ಕ, ಉಪ್ಪಿಟ್ಟು ಮಾಡಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ. ಈ ಸಲ ಇನ್‌ಸ್ಪೆಕ್ಟರ್ ನಾನು. ಬೇಕಾದ್ರೆ ಅವರೇ ತಿಂಡಿ ತರ್ಲಿ!"

"ಬಂದೋರ ಕೈಲಿ ತಿಂಡಿ ತರಿಸ್ತಾರೇನೇ? ನಗಾಡ್ತಾರೆ ಜನ" ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಆದರೂ ಸುದ್ದಿ ಲೈಬ್ರರಿಯ ದಾರಿಯಾಗಿ ಮುಟ್ಟಬೇಕಾದಲ್ಲಿಗೆ ಮುಟ್ಟಿತು.

ಅವರು ನಿಜವಾಗಿಯೂ ತಂದರು! ಒಂದು ಚೀಲದಲ್ಲಿ ಮಂಡಕ್ಕಿ, ಒಂದು ಸ್ಟೀಲ್ ಡಬ್ಬಿಯಲ್ಲಿ ಈರುಳ್ಳಿ ಟೊಮೆಟೊ ಮಸಾಲೆ, ಇನ್ನೊಂದರಲ್ಲಿ ಹುರಿಗಡಲೆ ಹಿಟ್ಟು. ಪಾತ್ರೆ ಇಸಿದುಕೊಂಡು ನಡುಮನೆಯ ನೆಲದ ಮೇಲೆ ಕೂತರು. "ಕಲಸಿ ತಂದ್ರ ಗಿರಮಿಟ್ ಮೆತ್ತಗಾಗ್ತೈತ್ರಿ. ತಿನ್ನೋ ಹೊತ್ತಿಗೇ ಕಲಸ್ಬೇಕು" ಎನ್ನುತ್ತ ಕಲಸಿ ತಟ್ಟೆಗೆ ಹಾಕಿ, ಮೊದಲು ಅಮ್ಮನಿಗೆ, ಆಮೇಲೆ ಚಿಕ್ಕಮ್ಮನಿಗೆ, ನನಗೆ ಕೊಟ್ಟು, ಕೈ ಕಟ್ಟಿಕೊಂಡು ನಿಂತರು. ಹೆಣ್ಣು ನೋಡುವ ಶಾಸ್ತ್ರ ತಲೆಕೆಳಗಾಗಿ ನಿಂತದ್ದನ್ನು ನಾನು ಕಣ್ಣಾರೆ ಕಂಡೆ.

ಚಿಕ್ಕಮ್ಮ ಕನ್ನಡಕ ಏರಿಸಿದಳು. "ಕೈ ಎತ್ತೋ ಅಭ್ಯಾಸ?"

"ಇಲ್ರೀ. ಕೆಟ್ಟ ಮಾಲನ್ನೂ ಮೆಲ್ಲಗ ತೀಡೂದ ನಮ್ಮ ಕೆಲಸ."

"ಮಳೆ ಬಂದ್ರೆ?"

"ಕೊಡೀ ತರ್ತೇನ್ರೀ. ಎರಡು."

ಚಿಕ್ಕಮ್ಮನ ತುಟಿ ಸ್ವಲ್ಪ ಸಡಿಲವಾಯಿತು. "ಗಂಡಸರು ಇಂಥ ಪುಸ್ತಕ ಓದಲ್ವಲ್ಲ. ನೀವ್ಯಾಕೆ ಓದ್ತೀರಿ?"

ಅವರು ಕಟ್ಟಿದ್ದ ಕೈ ಬಿಚ್ಚಿದರು. "ನಮ್ಮನಿಯಾಕಿ ಓದ್ತಿದ್ಲ್ರೀ. ದವಾಖಾನಿಗೆ ಹೋದಾಕಿ ತಿರುಗಿ ಬರ್ಲಿಲ್ಲ. ದಿಂಬಿನ ಬಾಜೂಕ ಒಂದು ಪುಸ್ತಕ ಇತ್ತು, ಅರ್ಧಕ್ಕ ಗುರುತು ಇಟ್ಟಿದ್ಲು. ಲೈಬ್ರರಿಗೆ ವಾಪಸ್ ಕೊಡಾಕ ಹೊಂಟಾವ, ಮುಂದ ಏನಾತು ಅಂತ ಆಕಿ ಪರವಾಗಿ ನಾನ ನೋಡೂಣು ಅಂತ ಓದಾಕ ಕುಂತೆ. ಇನ್ನೂ ಎದ್ದಿಲ್ರೀ."

ಚಿಕ್ಕಮ್ಮ ಒಳಗೆ ಹೋಗಿ ಒಂದು ಚೀಟಿ ತಂದು ಅವರ ಕೈಗಿಟ್ಟಳು. ಹಳದಿ! ಕಾರಣದ ಗೆರೆಯಲ್ಲಿ ಬರೆದಿದ್ದಳು: "ದೋಷ ಕಂಡಿಲ್ಲ. ನನಗೆ ಯೋಚಿಸಲು ಸಮಯ ಬೇಕು." ಅವರು ಅದನ್ನು ಓದಿ, ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಡಬ್ಬಿಗಳನ್ನು ತೊಳೆದುಕೊಂಡು ಹೋದರು.

"ಬಂಗಾರದಂಥ ಮನುಷ್ಯ, ಇಷ್ಟು ವಯಸ್ಸಾದ ಮೇಲೆ ಏನೇ ನಿನ್ನ ಹಳದಿ?" ಎಂದು ಅಮ್ಮ ಕೂಗಾಡಿದಳು. ಚಿಕ್ಕಮ್ಮ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಒಂದು ವಾರ ಲೈಬ್ರರಿಗೆ ಹೋಗಲಿಲ್ಲ, ಎರಡನೇ ವಾರವೂ ಇಲ್ಲ. ಬಿಸ್ಕತ್ತಿನ ಡಬ್ಬಿ ಮುಟ್ಟಲಿಲ್ಲ. ನನಗೆ ಭಯವಾಯಿತು. ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದವಳ ಪಕ್ಕ ನಿಂತು, "ಏನು ಹೆದರಿಕೆ ಚಿಕ್ಕಮ್ಮ?" ಎಂದೆ.

ಅವಳು ಸೀರೆ ಕೊಡವಿ ತಂತಿಯ ಮೇಲೆ ಹಾಕಿದಳು. "ಪುಸ್ತಕ ಆದ್ರೆ ಕೊನೇ ಪುಟ ನೋಡ್ಬಹುದು. ಇದರದ್ದು ಎಲ್ಲಿ ನೋಡ್ಲಿ? ಹನ್ನೊಂದು ಜನ ಬಂದ್ರು ಕಣೇ. ಬೇಡ ಅಂದಿದ್ರೆ ಸರಿಯಾಗಿತ್ತು. ತಿಳಿಸ್ತೀವಿ ಅಂದ್ರು. ನಾನು ಪೋಸ್ಟ್‌ಮ್ಯಾನ್ ಬರೋ ಹೊತ್ತಿಗೆ ಗೇಟ್ ಹತ್ರ ನಿಂತ್ಕೋತಿದ್ದೆ. ಬಣ್ಣ ಕಪ್ಪಾಯ್ತಾ, ಹಲ್ಲು ಉಬ್ಬಾ, ನಕ್ಕಿದ್ದು ಜಾಸ್ತಿ ಆಯ್ತಾ, ಒಬ್ಬರೂ ಒಂದು ಸಾಲು ಬರೀಲಿಲ್ಲ. ಮೂವತ್ತು ವರ್ಷದಿಂದ ನನ್ನಲ್ಲಿ ಏನು ದೋಷ ಅಂತ ನಾನೇ ಹುಡುಕ್ತಾ ಇದೀನಿ."

ನಾನು ಅಷ್ಟು ವರ್ಷ ಫ್ಯಾಕ್ಟರಿಯ ನಿಯಮವೆಂದುಕೊಂಡದ್ದು ಏನೆಂದು ಆಗ ಗೊತ್ತಾಯಿತು. ಅವಳ ಕೆಂಪು ಚೀಟಿಗಳ ಬಗ್ಗೆ ನಾನು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

ಮೂರನೇ ಭಾನುವಾರ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ಅವರೇ. ಇವತ್ತು ಡಬ್ಬಿ ಇರಲಿಲ್ಲ. ಕೈಯಲ್ಲಿ ಅವರ ಫ್ಯಾಕ್ಟರಿಯ ಒಂದು ಹಸಿರು ಚೀಟಿ. ಕೂರಿ ಎಂದರೂ ಕೂರದೆ ಅದನ್ನು ಚಿಕ್ಕಮ್ಮನಿಗೆ ಚಾಚಿದರು.

ಹಸಿರು ಚೀಟಿಯಲ್ಲಿ ಕಾರಣದ ಗೆರೆ ಇರುವುದಿಲ್ಲ. ಪಾಸಾದ ಮಾಲಿಗೆ ಯಾರು ತಾನೇ ಕಾರಣ ಕೇಳುತ್ತಾರೆ? ಇವರು ಸ್ಕೇಲ್ ಇಟ್ಟು ತಾವೇ ಒಂದು ಗೆರೆ ಎಳೆದು, 'ಕಾರಣ' ಎಂದು ಬರೆದು, ಅದರ ಮುಂದೆ ತಮ್ಮ ದುಂಡಗಿನ ಅಕ್ಷರದಲ್ಲಿ ತುಂಬಿದ್ದರು: "ಬೇಡವೆಂದ ಪುಸ್ತಕಕ್ಕೂ ಕಾರಣ ಬರೆಯುವವರು."

ಚಿಕ್ಕಮ್ಮ ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದಳು. ಇನ್‌ಸ್ಪೆಕ್ಟರ್ ದನಿಯನ್ನು ಎಲ್ಲಿಂದಲೋ ಹುಡುಕಿ ತಂದಳು. "ರೀವರ್ಕ್‌ನೋರಿಗೆ ಹಸಿರು ಚೀಟಿ ಕೊಡೋ ಅಧಿಕಾರ ಯಾರು ಕೊಟ್ರು? ಸಹಿ ಬೇರೆ ಇಲ್ಲ."

"ಅಧಿಕಾರ ಇಲ್ರೀ. ಅದಕ್ಕ ನಾ ಹಾಕಿಲ್ಲ. ಸಹಿ ನೀವ ಹಾಕ್ಬೇಕು."

ಚಿಕ್ಕಮ್ಮ ನನ್ನ ಕಡೆ ಕೈ ಚಾಚಿದಳು. ಮೇಡಂ ಅಲ್ಲವೇ, ಪೆನ್ನು ನನ್ನ ಬಳಿ ಇತ್ತು, ಕೊಟ್ಟೆ. ಗೋಡೆಗೆ ಚೀಟಿ ಒತ್ತಿ ಹಿಡಿದು ಅವಳು ಸಹಿ ಹಾಕಿದಳು, ಕೆಳಗೆ ದಿನಾಂಕವನ್ನೂ ಬರೆದಳು. ಹನಿ ಒಂದಲ್ಲ, ತುಂಬಾ ಬಂದವು. ಕರ್ಚೀಫ್ ಹುಡುಕಲು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಯ ಕಡೆ ತಿರುಗಿ ಹೇಳಿದಳು. "ಅಕ್ಕ, ಉಪ್ಪಿಟ್ಟು ಮಾಡು. ಹನ್ನೊಂದು ಸಲ ತಟ್ಟೆ ಹಿಡ್ಕೊಂಡು ನಿಂತಿದೀನಿ, ಒಂದ್ಸಲನೂ ಕೂತು ತಿಂದಿಲ್ಲ. ಇವತ್ತು ನಾನೂ ಕೂತ್ಕೋತೀನಿ."